ಹೆಡ್‌ಮಾಸ್ತರ ಮನೆಯ ಪೆಡಲಣ್ಣ

ಆ ಬಡಾವಣೆಯಲ್ಲಿ ಅವನನ್ನು ಎಲ್ಲರೂ ಪೆಡಲಣ್ಣ ಎಂದೇ ಕರೆಯುತ್ತಿದ್ದರು. ಕೆರೆಯ ದೋಣಿಕಟ್ಟೆಯಲ್ಲಿ ಪೆಡಲ್ ದೋಣಿಗಳ ರಿಪೇರಿ ಅವನ ಕೆಲಸ, ಅದಕ್ಕೇ ಆ ಹೆಸರು ಎಂದು ಹೊಸಬರು ತಿಳಿಯುತ್ತಿದ್ದರು. ಹಳಬರಿಗೆ ನಿಜ ಗೊತ್ತಿತ್ತು. ಅವನು ಎಲ್ಲಿ ಕೂತರೂ ಅವನ ಕಾಲು ಸುಮ್ಮನಿರುತ್ತಿರಲಿಲ್ಲ. ಊಟದ ಮೇಜಿನ ಕೆಳಗೆ, ಬ್ಯಾಂಕಿನ ಬೆಂಚಿನ ಮೇಲೆ, ಕ್ಷೌರದಂಗಡಿಯ ಕುರ್ಚಿಯಲ್ಲಿ, ಅವನ ಎರಡು ಪಾದಗಳು ಕಣ್ಣಿಗೆ ಕಾಣದ ಯಾವುದೋ ದೋಣಿಯನ್ನು ತುಳಿಯುತ್ತಲೇ ಇರುತ್ತಿದ್ದವು. ಒಮ್ಮೆ ಕ್ಷೌರದವನು ಕತ್ತರಿ ಕೆಳಗಿಟ್ಟು, "ಅಣ್ಣಾ, ನೀವು ಮೊದಲು ಆ ದಡ ಮುಟ್ಟಿ. ಆಮೇಲೆ ಕಿವಿ ಹತ್ರ ಕತ್ತರಿ ಹಾಕ್ತೀನಿ" ಎಂದಿದ್ದನಂತೆ.

ಬಡಾವಣೆ ಹಳೆಯದು. ಒಂದೇ ನಕ್ಷೆಯಲ್ಲಿ ಕಟ್ಟಿದ ಸಾಲುಮನೆಗಳು. ಆಮೇಲೆ ಒಬ್ಬೊಬ್ಬರು ಒಂದೊಂದು ವರಾಂಡ, ಒಂದೊಂದು ಕೋಣೆ ಸೇರಿಸಿಕೊಂಡದ್ದರಿಂದ ಅವಕ್ಕೆ ಬೇರೆ ಬೇರೆ ಮುಖ ಬಂದಿತ್ತು. ರಸ್ತೆಬದಿಯ ಮರಗಳು ಮನೆಗಳಿಗಿಂತ ಎತ್ತರ ಬೆಳೆದು, ಬೇರುಗಳಿಂದ ಕಾಲುದಾರಿಯ ಕಲ್ಲುಗಳನ್ನು ಎಬ್ಬಿಸಿ ಹಾಕಿದ್ದವು. ಹಿತ್ತಲ ಬೇಲಿ ದಾಟಿದರೆ ಕಾಡು, ಇಳಿಜಾರಿನ ಕೊನೆಗೆ ಕೆರೆ. ವಾರವೆಲ್ಲ ತರಗೆಲೆ ಬೀಳುವ ಸದ್ದು ಕೇಳುವಷ್ಟು ಮೌನ. ರಜೆ ಬಂತೆಂದರೆ ಪಟ್ಟಣದವರ ಕಾರುಗಳು ಗೇಟಿಗೆ ಅಡ್ಡ ನಿಲ್ಲುತ್ತಿದ್ದವು, ಮಕ್ಕಳ ಚೆಂಡುಗಳು ಕಾಂಪೌಂಡಿನೊಳಗೆ ಬೀಳುತ್ತಿದ್ದವು, ಯಾರಾದರೊಬ್ಬರು ಬಾಗಿಲು ತಟ್ಟಿ ಟಾಯ್ಲೆಟ್ ಎಲ್ಲಿದೆ ಎಂದು ವಿಚಾರಿಸುತ್ತಿದ್ದರು. ಹೋಗುವಾಗ, "ಎಂಥಾ ಜಾಗದಲ್ಲಿದ್ದೀರಿ, ಪುಣ್ಯವಂತರು" ಎಂದು ಒಂದು ಮಾತು ಸೇರಿಸುತ್ತಿದ್ದರು. ಈ ಮಾತು ಕೇಳಿದಾಗಲೆಲ್ಲ ಪೆಡಲಣ್ಣನಿಗೆ ಶರ್ಟಿನೊಳಗೆ ಇರುವೆ ಹೊಕ್ಕಂತೆ ಆಗುತ್ತಿತ್ತು.

ಅವನು ಇಲ್ಲಿಗೆ ಬಂದದ್ದು ಒಂದು ಬೇಸಿಗೆಯ ಮಟ್ಟಿಗೆ. ಕೆರೆಗೆ ಹೊಸದಾಗಿ ತರಿಸಿದ ದೋಣಿಗಳನ್ನು ಜೋಡಿಸಿಕೊಟ್ಟು ಮುಂದಿನ ಊರಿಗೆ ಹೋಗುವುದು ಅವನ ಲೆಕ್ಕ. ಆಗ ಅವನಿಗೆ ಮೀಸೆ ಸರಿಯಾಗಿ ಬಲಿತಿರಲಿಲ್ಲ. ದೋಣಿಕಟ್ಟೆಗೆ ಹತ್ತಿರವೆಂದು ನಿವೃತ್ತ ಹೆಡ್‌ಮಾಸ್ತರರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದ. ಹೆಡ್‌ಮಾಸ್ತರರಿಗೆ ಒಬ್ಬಳೇ ಮಗಳು. ಮೆಷಿನ್ ಮುಂದೆ ಕೂತು ಬಡಾವಣೆಯ ಅರ್ಧ ಜನರ ಬಟ್ಟೆ ಹೊಲಿಯುತ್ತಿದ್ದಳು. ಅವನ ಹರಿದ ಕೆಲಸದ ಅಂಗಿಗೆ ತೇಪೆ ಹಾಕಿಕೊಟ್ಟವಳು ಅವಳೇ. ಅಲ್ಲಿಂದ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯಾದ ಮೇಲೆ ಅವನು ಹಿಂದಿನ ಕೋಣೆಯಿಂದ ಮುಂದಿನ ಮನೆಗೆ ಬಂದ. "ಸದ್ಯಕ್ಕೆ ಇಲ್ಲೇ ಇರೋಣ" ಎಂದ. ಆ ಸದ್ಯಕ್ಕೆ ಇಪ್ಪತ್ತೈದು ವರ್ಷ ದಾಟಿತ್ತು.

ಮಾವ ಒಳ್ಳೆಯವರೇ. ಅಳಿಯನನ್ನು ಒಂದು ದಿನವೂ ಕಡಿಮೆ ಮಾಡಿ ಮಾತಾಡಿದವರಲ್ಲ. ಆದರೆ ಬಡಾವಣೆಯವರ ಬಾಯಲ್ಲಿ ಅದು ಹೆಡ್‌ಮಾಸ್ತರ ಮನೆ. ಅವನು ಹೆಡ್‌ಮಾಸ್ತರ ಮನೆಅಳಿಯ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದರೂ ಸಿಲಿಂಡರಿನವನು ಬಂದು, "ಹೆಡ್‌ಮಾಸ್ತರ್ ಮನೆ ಇದೇ ಅಲ್ವಾ?" ಎಂದೇ ಕೇಳುತ್ತಿದ್ದ. "ಹೌದು, ಅವರು ಮೇಲಿದ್ದಾರೆ. ಸದ್ಯಕ್ಕೆ ನಾನಿದ್ದೀನಿ" ಎಂದು ಪೆಡಲಣ್ಣ ಒಮ್ಮೆ ಹೇಳಿದ್ದಕ್ಕೆ ಸಿಲಿಂಡರಿನವನು ಮಹಡಿ ಎಲ್ಲಿದೆ ಎಂದು ಹುಡುಕಿದನಂತೆ.

ಹೀಗೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡವನ ಮನೆ ಹೇಗಿರಬೇಕೋ ಹಾಗೆಯೇ ಇತ್ತು. ಅಡುಗೆಮನೆಯ ಶೆಲ್ಫಿಗೆ ಮೊಳೆ ಹೊಡೆಯಲಿಲ್ಲ, ಅದು ಗೋಡೆಗೊರಗಿಕೊಂಡೇ ಉಳಿಯಿತು. ಬಣ್ಣ ಹೊಡೆಸೋಣವೆಂದರೆ, "ಹೇಗೂ ಹೋಗೋರು, ಯಾಕೆ?" ಹಿತ್ತಲಲ್ಲಿ ಒಂದು ಹಣ್ಣಿನ ಗಿಡ ನೆಡೋಣವೆಂದರೆ, "ನಾವು ನೆಟ್ಟಿದ್ದು ಯಾರೋ ತಿನ್ನೋದು." ಹೆಡ್‌ಮಾಸ್ತರರು ಮಕ್ಕಳಿಗೆ ಪಾಠ ಹೇಳುತ್ತಿದ್ದ ಮುಂದಿನ ಕೋಣೆಯಲ್ಲಿ ಉದ್ದದ ಬೆಂಚುಗಳು ಧೂಳು ತಿನ್ನುತ್ತ ಬಿದ್ದಿದ್ದವು. ಅಲ್ಲಿ ನಾಲ್ಕು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಬೇಕೆಂದು ಹೆಂಡತಿ ಎಷ್ಟೋ ಸಲ ಹೇಳಿದ್ದಳು. "ಶುರು ಮಾಡಿ ಮಧ್ಯದಲ್ಲಿ ಬಿಟ್ಟು ಹೋದ್ರೆ ಅವರ ಗತಿ ಏನು?" ಎಂದು ಅವನು ಅಡ್ಡಗಾಲು ಹಾಕುತ್ತಿದ್ದ. ಆಮೇಲಾಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಕೇಳದಿರುವುದನ್ನು ಅವನು ಒಪ್ಪಿಗೆ ಎಂದುಕೊಂಡ.

ಅವರ ಮಗಳು ದೂರದ ಆಸ್ಪತ್ರೆಯೊಂದರಲ್ಲಿ ನರ್ಸ್. ಫೋನ್ ಮಾಡಿದಾಗಲೆಲ್ಲ ಮೊದಲು, "ಅಪ್ಪ ಹೊರಟ್ರಾ, ಇನ್ನೂ ಇದ್ದಾರಾ?" ಎಂದು ಕೇಳುವಳು. "ಇದ್ದಾರೆ, ಚಪ್ಪಲಿ ಹುಡುಕ್ತಿದ್ದಾರೆ" ಎಂದು ತಾಯಿ ಹೇಳುವಳು. ಇಬ್ಬರೂ ನಗುವರು. ಅವನೂ ನಗುತ್ತಿದ್ದ, ಆದರೆ ಮೇಜಿನ ಕೆಳಗೆ ಕಾಲಿನ ವೇಗ ಹೆಚ್ಚುತ್ತಿತ್ತು.

ಹೀಗಿರುವಾಗ ದೋಣಿಕಟ್ಟೆಯ ಮ್ಯಾನೇಜರ್ ಅವನನ್ನು ಆಫೀಸಿಗೆ ಕರೆಸಿದ. ವಯಸ್ಸಿನಲ್ಲಿ ಚಿಕ್ಕವನು, ಮಾತು ಚುರುಕು.

"ಕೂತ್ಕೊಳ್ಳಿ ಪೆಡಲಣ್ಣ. ದೂರದಲ್ಲಿ ಒಂದು ಹೊಸ ಜಲಾಶಯ ಆಗಿದೆ, ಗೊತ್ತಲ್ಲ. ಅಲ್ಲೂ ನಮ್ಮವರೇ ದೋಣಿ ಶುರು ಮಾಡ್ತಿದ್ದಾರೆ. ವರ್ಕ್‌ಶಾಪ್ ನೋಡ್ಕೊಳ್ಳೋಕೆ ಒಬ್ಬ ಇನ್‌ಚಾರ್ಜ್ ಬೇಕು. ನಿಮ್ಮ ಹೆಸರು ಹೇಳಿದ್ದೀನಿ."

ಪೆಡಲಣ್ಣನ ಕಾಲು ನಿಂತುಹೋಯಿತು.

"ನಾನಾ?"

"ಮತ್ತಿನ್ಯಾರು? ನಿಮ್ಮ ಕೈ ಕೆಳಗೆ ಕೆಲಸದವರು ಇರ್ತಾರೆ. ಕುಟುಂಬ ಬಂದ್ರೆ ಕ್ವಾರ್ಟರ್ಸು, ಒಬ್ರೇ ಆದ್ರೆ ಒಂದು ರೂಮು. ಮನೇಲಿ ಕೇಳ್ಕೊಂಡು ಗುರುವಾರದೊಳಗೆ ಹೇಳಿ."

ಆ ಸಂಜೆ ಅವನು ಮನೆಗೆ ನಡೆದು ಬರಲಿಲ್ಲ, ಹಾರಿಕೊಂಡು ಬಂದ. ಹೆಂಡತಿ ಯಾವುದೋ ಶಾಲೆಯ ಸಮವಸ್ತ್ರಕ್ಕೆ ಕಾಲರ್ ಕೂರಿಸುತ್ತಿದ್ದಳು. ಅವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಜಲಾಶಯ ಎಷ್ಟು ದೊಡ್ಡದು, ವರ್ಕ್‌ಶಾಪಿನ ಛಾವಣಿ ಎಷ್ಟು ಎತ್ತರ, ಮ್ಯಾನೇಜರ್ ಯಾವ ದನಿಯಲ್ಲಿ ಹೇಳಿದ.

"ಹೌದಾ," ಎಂದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದಳು. ಪಿನ್ನು ತೆಗೆದು ಕಾಲರಿಗೆ ಚುಚ್ಚಿ, ಮತ್ತೆ ಮೆಷಿನ್ ತುಳಿದಳು.

'ನೀನು ಬರ್ತೀಯಾ?' ಎಂದು ಆಗಲೇ ಕೇಳಬೇಕಾಗಿತ್ತು. ಬರಲ್ಲ ಎಂದುಬಿಟ್ಟರೆ? ಅವನು ನೀರು ಕುಡಿದು ಹಿತ್ತಲಿಗೆ ಹೋದ. ಬೇಲಿಯವರೆಗೆ ಹೋಗಿ ತಿರುಗಿ ಬಂದ. ಮಾರನೆಯ ದಿನ ಊಟಕ್ಕೆ ಕೂತಾಗ ಕೇಳೋಣವೆಂದುಕೊಂಡ, ಎದುರುಮನೆಯ ಅತ್ತೆ ಬ್ಲೌಸು ಒಯ್ಯಲು ಬಂದರು. ಅದರ ಮಾರನೆಯ ದಿನ ಅವಳಿಗೆ ತಲೆನೋವು. ಹೀಗೆ ಒಂದೊಂದು ನೆಪಕ್ಕೂ ಅವನು ಒಳಗೊಳಗೇ ಥ್ಯಾಂಕ್ಸ್ ಹೇಳುತ್ತ ವಾರ ಕಳೆದ. ಒಂದು ಇಡೀ ಮನುಷ್ಯಜನ್ಮ ಈ ಊರನ್ನು ಬಿಡಬೇಕೆಂದು ಚಡಪಡಿಸಿದವನಿಗೆ ಬಾಗಿಲು ತೆರೆದದ್ದೇ ತಡ, ಹೊಸ್ತಿಲು ದಾಟುವುದೇ ಕಷ್ಟವಾಗಿತ್ತು. ಒಬ್ಬನೇ ಹೋಗುವ ಯೋಚನೆ ಅವನಿಗೆ ಯಾವತ್ತೂ ಬಂದಿರಲಿಲ್ಲ. ಅವಳು ಒಪ್ಪಿದರೆ ಹೋಗುವುದು, ಒಪ್ಪದಿದ್ದರೆ ಅವಳಿಂದಾಗಿ ಉಳಿಯುವುದು. ಅಷ್ಟೇ ಅವನಿಗೆ ಗೊತ್ತಿದ್ದ ದಾರಿ.

ಗುರುವಾರ ಬೆಳಿಗ್ಗೆ ಅವನು ಕೆರೆದಂಡೆಯ ಶೆಡ್ಡಿನಲ್ಲಿ ಒಂದು ದೋಣಿಯನ್ನು ಮಗುಚಿ ಹಾಕಿಕೊಂಡಿದ್ದ. ತಳದಲ್ಲಿ ಬಿರುಕು. ಅದಕ್ಕೆ ಫೈಬರ್ ಹಾಳೆ ಅಂಟಿಸಿ, ಒಣಗಿದ ಮೇಲೆ ಉಜ್ಜುವ ಮೆಷಿನ್ ಹಿಡಿದು ನಯ ಮಾಡುತ್ತಿದ್ದ. ಮೂಗಿಗೆ ಬಟ್ಟೆ, ಕಿವಿಗೆ ಹತ್ತಿ. ಆ ಮೆಷಿನ್ ಶುರುವಾದರೆ ಪಕ್ಕದಲ್ಲಿ ಆನೆ ಘೀಳಿಟ್ಟರೂ ಕೇಳುವಂತಿರಲಿಲ್ಲ. ದೋಣಿಯ ಹೊಟ್ಟೆಯ ಬಾಗಿಗೆ ತಕ್ಕಂತೆ ಕೈ ಆಡಿಸುವಾಗ ಅವನ ತಲೆಯೂ ಜೊತೆಗೆ ಮೇಲೆ ಕೆಳಗೆ ಆಡುತ್ತಿತ್ತು. ಅದು ಅವನ ಅಭ್ಯಾಸ.

ಬಾಗಿಲಲ್ಲಿ ನೆರಳು ಬಿತ್ತು. ಹೆಂಡತಿ, ಕೈಯಲ್ಲಿ ಚೀಲ. ನೂಲು, ಲೈನಿಂಗ್ ಬಟ್ಟೆ ತರಲು ಪಟ್ಟಣಕ್ಕೆ ಹೋಗುವ ದಿನಗಳಲ್ಲಿ ಅವಳು ಶೆಡ್ಡಿಗೆ ಒಂದು ಗಳಿಗೆ ಇಣುಕಿ ಹೋಗುವುದು ರೂಢಿ. ಬಸ್ ಸ್ಟಾಪು ಎದುರಿಗೇ ಇತ್ತು. ಅವನು ಒಮ್ಮೆ ನೋಡಿ ಮತ್ತೆ ದೋಣಿಯತ್ತ ತಿರುಗಿದ. ಈಗ ಕೇಳದಿದ್ದರೆ ಇನ್ನಿಲ್ಲ ಎನಿಸಿತು. ಮುಖ ನೋಡಿ ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಬೆನ್ನು ಹಾಕಿಕೊಂಡೇ, ಮೂಗಿನ ಬಟ್ಟೆಯೊಳಗಿನಿಂದ, ಮೆಷಿನ್ನಿನ ಗದ್ದಲದ ನಡುವೆ ಕೇಳಿದ: "ಇವತ್ತು ಹೇಳ್ಬೇಕಂತೆ. ನೀನು ಬರ್ತೀಯಾ, ಇಲ್ವಾ?"

ಕೇಳಿ ಮೆಷಿನ್ ಆರಿಸಿದ. ಕಿವಿಯ ಹತ್ತಿ ಎಳೆದ.

ಹಿಂದಿನಿಂದ ದನಿ ಸ್ಪಷ್ಟವಾಗಿ ಕೇಳಿತು. "ಬರ್ತೀನಿ."

ತಿರುಗಿ ನೋಡುವಷ್ಟರಲ್ಲಿ ಅವಳು ಬಸ್ಸಿನ ಮೆಟ್ಟಿಲ ಮೇಲಿದ್ದಳು.

ಅವನು ಅಲ್ಲೇ ದೋಣಿಯ ಮೇಲೆ ಕೂತ. ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ವಾರವೆಲ್ಲ ತಾನು ಸುಮ್ಮನೆ ತಲೆಗೆ ಹುಳ ಬಿಟ್ಟುಕೊಂಡೆನಲ್ಲ ಎಂದು ನಗು ಬಂತು. ಕೈಯ ಅಂಟನ್ನೂ ತೊಳೆಯದೆ ಆಫೀಸಿಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದ.

"ಸರ್, ಇಬ್ರೂ ಬರ್ತೀವಿ."

"ಶಹಬ್ಬಾಸ್," ಎಂದ ಮ್ಯಾನೇಜರ್, ಅವನೆದುರಿಗೇ ಫೋನ್ ಎತ್ತಿ ಆ ಕಡೆಯವರಿಗೆ ಕ್ವಾರ್ಟರ್ಸ್ ತೆಗೆದಿಡಲು ಹೇಳಿದ. ಟಿಕೆಟ್ ಕೌಂಟರಿನವಳು ಕಿಟಕಿಯಿಂದಲೇ ಕೇಳಿಸಿಕೊಂಡಳು. ಅವಳ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಬಡಾವಣೆಯ ಕೊನೆಯ ಮನೆ ಮುಟ್ಟಲೇಬೇಕು, ಮುಟ್ಟಿತು.

ಸಂಜೆ ಮನೆಗೆ ಹೋಗುವಾಗ ಅವನು ತಿರುವಿನ ಅಂಗಡಿಯಲ್ಲಿ ನಿಂತ. ಹೆಂಡತಿಗೆ ಇಷ್ಟದ ಬಿಸ್ಕತ್ತು ಕೊಡಿ ಎಂದ. ಅಂಗಡಿಯಕ್ಕ ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತಳು.

"ಅಲ್ಲ ಪೆಡಲಣ್ಣ, ಇಬ್ರೂ ಹೊರಡೋದು ಅಂತ ಮನೆಯವರನ್ನ ಕೇಳೇ ಇಲ್ವಂತಲ್ಲ ನೀವು?"

"ಯಾರು ಹೇಳಿದ್ದು? ಅವಳೇ ಒಪ್ಪಿದ್ದು."

"ಅದ್ಯಾಕೋ ನನಗೆ ಹಾಗೆ ಕಾಣ್ಲಿಲ್ಲಪ್ಪ. ಬಸ್ಸಿಳಿದು ಬಂದಾಗ, ನಮ್ಮನ್ನೆಲ್ಲ ಬಿಟ್ಟು ಹೋಗ್ತೀರಂತಲ್ಲ ಅಂದೆ. ಯಾರು, ಇಬ್ರೂನಾ ಅಂತ ನನ್ನೇ ಕೇಳಿದ್ರು. ಹೇಳಿದ ಮೇಲೆ ಮುಖ ಹೀಗಾಯ್ತು ನೋಡಿ." ಅಂಗಡಿಯಕ್ಕ ತನ್ನ ಮುಖವನ್ನು ಒಣಗಿದ ಬ್ರೆಡ್ಡಿನಂತೆ ಮಾಡಿ ತೋರಿಸಿದಳು. "ಈಗ ಬಿಸ್ಕತ್ತು ಸಾಕಾ, ಇನ್ನೇನಾದ್ರೂ ಕೊಡ್ಲಾ?"

ಅವನು ಬಿಸ್ಕತ್ತಿನ ಪೊಟ್ಟಣ ಹಿಡಿದು ಮನೆಗೆ ಬಂದ. ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬೆಂಚುಗಳನ್ನು ಒರೆಸುತ್ತಿದ್ದಳು. ಒಂದು ಬೆಂಚು ಒರೆಸಿಯಾಗಿತ್ತು, ಅದರ ಮರ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು.

"ಬನ್ನಿ," ಎಂದಳು, ತಿರುಗದೆ. "ಯಾವಾಗ ಹೊರಡೋದು ಅಂತ ನನಗೂ ಸ್ವಲ್ಪ ತಿಳಿಸಿದ್ರೆ ನಾಲ್ಕು ಬಟ್ಟೆ ಮಡಚಿಟ್ಕೋತೀನಿ."

"ನೀನೇ ಹೇಳಿದ್ಯಲ್ಲ ಬೆಳಿಗ್ಗೆ."

"ಏನು ಹೇಳ್ದೆ?"

"ಬರ್ತೀನಿ ಅಂದೆ."

ಅವಳ ಕೈ ನಿಂತಿತು. "ಬಸ್ಸು ಬಂತು, ಬರ್ತೀನಿ ಅಂದೆ. ಹೊರಡುವಾಗ ಯಾರಾದ್ರೂ ಹೋಗ್ತೀನಿ ಅಂತಾರೇನ್ರೀ?"

"ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟೆ ಅಂದ್ಕೊಂಡೆ."

"ನೀವೇನು ಕೇಳಿದ್ರಿ?"

"ಬರ್ತೀಯಾ ಅಂತ."

"ಯಾರನ್ನ ಕೇಳಿದ್ರಿ, ದೋಣೀನಾ?"

ಅವಳಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ಆರಿಹೋಯಿತು.

"ನಾನೂ ಒಂದು ಮಾತು ಕೇಳಿದ್ದೆ, ನಿಮಗೆ ಅದೂ ಗೊತ್ತಿಲ್ಲ," ಎಂದಳು. "ಬಾಗಿಲಲ್ಲಿ ನಿಂತು ಕೂಗಿ ಕೇಳ್ದೆ. ಈ ಕೋಣೇಲಿ ಕ್ಲಾಸು ಶುರು ಮಾಡ್ತೀನಿ, ಬೋರ್ಡು ಬರೆಯೋಕೆ ಕೊಡ್ಲಾ ಅಂತ. ತಲೆ ಆಡಿಸಿದ್ರಿ ನೀವು. ಚೆನ್ನಾಗಿ ಮೂರ್ನಾಲ್ಕು ಸಲ ಆಡಿಸಿದ್ರಿ. ಇಷ್ಟು ವರ್ಷದ ಮೇಲೆ ಇವರಿಗೂ ಬುದ್ಧಿ ಬಂತು ಅಂತ ಖುಷಿಯಾಗಿ ಬಸ್ಸು ಹತ್ತಿದೆ. ಬೋರ್ಡಿಗೆ ಕೊಟ್ಟೂ ಬಂದೆ."

ದೋಣಿಯ ಬಾಗಿನ ಮೇಲೆ ತನ್ನ ತಲೆ ಆಡಿದ್ದು ಅವನಿಗೆ ನೆನಪಾಯಿತು. ಅದನ್ನು ಈಗ ಹೇಗೆ ಹೇಳುವುದು? ಹೇಳಿದ. "ಅದು ನಿನಗಲ್ಲ. ಉಜ್ಜುವಾಗ ಆಡುತ್ತೆ."

"ಗೊತ್ತಾಯ್ತು ಬಿಡಿ ಈಗ."

ಅವಳು ಒರೆಸಿದ ಬೆಂಚಿನ ಮೇಲೆ ಕೂತಳು. ಅವನು ಬಾಗಿಲಲ್ಲೇ ನಿಂತಿದ್ದ, ಒಂದು ಕೈ ಚೌಕಟ್ಟಿನ ಮೇಲೆ. ಹೊರಗೆ ಎದುರುಮನೆಯ ಅತ್ತೆ ಇಲ್ಲದ ಕಸವನ್ನು ಬಹಳ ಹೊತ್ತಿನಿಂದ ಗುಡಿಸುತ್ತಿದ್ದರು. ಅವಳು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಳು.

"ಮದುವೆಯಾದ ಹೊಸದ್ರಲ್ಲಿ ಕೇಳಿದ್ದಿದ್ರೆ ಚಪ್ಪಲಿ ಮೆಟ್ಟೋಕೂ ನಿಲ್ತಿರ್ಲಿಲ್ಲ ನಾನು," ಎಂದಳು. "ನನಗೂ ಊರು ನೋಡ್ಬೇಕು ಅಂತಿತ್ತು. ನೀವು ಕೇಳ್ಲಿಲ್ಲ."

"ನಿಮ್ಮಪ್ಪ ಇದ್ರಲ್ಲ. ಅವರನ್ನ ಬಿಟ್ಟು ಹೇಗೆ..."

"ಅಪ್ಪ ಇದ್ದಾಗ ಅಪ್ಪ. ಆಮೇಲೆ ಮಗಳ ಓದು. ಆಮೇಲೆ ನಾನು. ಪ್ರತಿ ಸಲ ಯಾರೋ ಒಬ್ರು ನಿಮ್ಮ ಕಾಲು ಹಿಡ್ಕೊಂಡಿರ್ತಾರೆ. ಯಾರೂ ಹಿಡ್ಕೊಂಡಿರ್ಲಿಲ್ಲ ರೀ. ಹೋಗೋದಾದ್ರೆ ಹೋಗೋದು, ಇರೋದಾದ್ರೆ ಇರೋದು. ಹೀಗೆ ಬಾಗಿಲಲ್ಲಿ ನಿಂತವರ ಜೊತೆ ಸಂಸಾರ ಮಾಡಿ ನನಗೆ ಕಾಲು ನೋವು ಬಂದಿದೆ."

ಅವನು ಒಳಗೆ ಬಂದು ಎದುರಿನ ಧೂಳು ಬೆಂಚಿನ ಮೇಲೆ ಕೂತ.

"ಈಗ ಕೇಳಿ," ಎಂದಳು. "ಮೆಷಿನ್ನಿಲ್ಲ, ಬಸ್ಸಿಲ್ಲ. ಮುಖ ನೋಡಿ ಕೇಳಿ."

ಅವಳ ಮುಖ ನೋಡಿದ. ಹಣೆಯ ಮೇಲೆ ಧೂಳಿನ ಗೆರೆ. ಕಿವಿಯ ಪಕ್ಕದ ಕೂದಲು ಯಾವಾಗ ಬಿಳಿಯಾಯಿತೋ ಅವನು ಗಮನಿಸಿರಲಿಲ್ಲ.

"ನನ್ನ ಜೊತೆ ಬರ್ತೀಯಾ?"

"ಬರಲ್ಲ."

ಅವಳು ಯೋಚಿಸಲೇ ಇಲ್ಲ. ಆ ಉತ್ತರ ಎಷ್ಟೋ ಕಾಲದಿಂದ ಸಿದ್ಧವಾಗಿ ಅಲ್ಲೇ ಕಾದಿತ್ತು, ಪ್ರಶ್ನೆ ಬಂದು ಸೇರುವುದಷ್ಟೇ ಬಾಕಿಯಿತ್ತು. ಅವನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಬದಲಿಗೆ ಭಯವಾಯಿತು.

"ಹಾಗಾದ್ರೆ ನಾನೂ ಬೇಡ ಅಂತ ಹೇಳ್ತೀನಿ ಬಿಡು."

"ನಾನು ಹಾಗೆ ಹೇಳ್ಲಿಲ್ಲ. ಹೋಗಬೇಡಿ ಅಂತಲೂ ಹೇಳ್ತಿಲ್ಲ, ಹೋಗಿ ಅಂತಲೂ ಹೇಳ್ತಿಲ್ಲ. ನಾಳೆ ಆಫೀಸಲ್ಲಿ ಏನು ಬೇಕಾದ್ರೂ ಹೇಳಿ. ನನ್ನ ಮೇಲೆ ಮಾತ್ರ ಹಾಕ್ಬೇಡಿ." ಅವಳು ಬಟ್ಟೆ ಹಿಂಡಿ ಮತ್ತೆ ಎದ್ದಳು. "ಸ್ವಲ್ಪ ಏಳಿ. ಆ ಬೆಂಚು ಒರೆಸ್ಬೇಕು."

ಮಾರನೆಯ ದಿನ ಅವನು ಬೇಗ ಮನೆ ಬಿಟ್ಟ. ನೇರ ಹೋದರೆ ಆಫೀಸು ಇಳಿಜಾರಿನ ಕೆಳಗೇ ಇತ್ತು. ಅವನು ಸುತ್ತು ಹಾಕಿ ಕಾಡಿನ ಕಡೆಯ ರಸ್ತೆ ಹಿಡಿದ. ಬೆಳಗಿನ ವಾಕಿಂಗಿನವರು ಎದುರಾದರು. "ಹೊರಟ್ರಂತೆ?" ಎಂದು ಒಬ್ಬರು, "ಮನೇಲಿ ಬೇಡ ಅಂದ್ರಂತೆ?" ಎಂದು ಇನ್ನೊಬ್ಬರು. ಅಷ್ಟರಲ್ಲೇ ಸುದ್ದಿಗೆ ಎರಡನೆಯ ಭಾಗವೂ ಹುಟ್ಟಿತ್ತು. ಅವನು ಎರಡಕ್ಕೂ ಹೂಂ ಎಂದ. ಬೇಲಿಯ ಪಕ್ಕ ನಡೆಯುತ್ತ ತನ್ನೊಳಗೆ ಒಂದು ಪ್ರಶ್ನೆ ಕೇಳಿಕೊಂಡು ನೋಡಿದ: ಅವಳನ್ನು ಬಿಟ್ಟು ಲೆಕ್ಕ ಹಾಕಿದರೆ, ನಿನಗೇನು ಬೇಕು? ಒಳಗಿನಿಂದ ಉತ್ತರ ಬರಲಿಲ್ಲ. ಹೊಸ ದೋಣಿಯ ಪೆಡಲ್ ಮೊದಲ ಸಲ ತುಳಿದಾಗ ಹಾಗೇ ಬಿಗಿಯಾಗಿರುತ್ತದೆ, ಎಣ್ಣೆ ಇಳಿಯಬೇಕು. ಅವನು ಇನ್ನೊಂದು ಸುತ್ತು ಹಾಕಿದ.

ಮ್ಯಾನೇಜರ್ ಚಹಾ ಕುಡಿಯುತ್ತಿದ್ದ. "ಏನು ಪೆಡಲಣ್ಣ, ಮುಖ ಸಪ್ಪಗಿದೆ? ಮನೇಲಿ ಒಪ್ಪಲಿಲ್ಲ ಅಂತ ಕೇಳ್ದೆ. ಹೋಗ್ಲಿ ಬಿಡಿ, ಹೆಂಗಸರು ಅಂದ್ಮೇಲೆ ತವರು ಬಿಡೋದು ಕಷ್ಟ. ಬೇರೆಯವರನ್ನ ನೋಡ್ತೀನಿ."

ಎಷ್ಟು ಸುಲಭ. ಹೌದು ಎಂದು ತಲೆಯಾಡಿಸಿದರೆ ಮುಗಿಯಿತು. ಎಲ್ಲವೂ ಹಳೆಯ ಜಾಗದಲ್ಲೇ ಇರುತ್ತದೆ, ಇನ್ನೊಂದಿಷ್ಟು ವರ್ಷ ಅವಳಿಂದಾಗಿ ಉಳಿದೆ ಎಂದು ಕಾಲು ಕುಣಿಸಬಹುದು. ಅವನ ತಲೆ ಆಡಲು ಹೊರಟಿತ್ತು. ಕುತ್ತಿಗೆ ಬಿಗಿಹಿಡಿದು ನಿಲ್ಲಿಸಿದ.

"ಮನೆಯವರು ಬರಲ್ಲ ಸರ್. ಅದು ಅವರ ಮಾತು. ಅವರ ಮೇಲೆ ಏನೂ ಹಾಕ್ಬೇಡಿ."

"ಸರಿ, ನಿಮ್ಮ ಮಾತು?"

"ನಾನು ಹೋಗ್ತೀನಿ. ನನಗೆ ಹೋಗ್ಬೇಕು ಅಂತಿದೆ."

ಹೇಳಿದ ದನಿ ತನ್ನದೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ. ಮ್ಯಾನೇಜರ್ ಒಂದು ಕ್ಷಣ ನೋಡಿ, "ಕ್ವಾರ್ಟರ್ಸು ಹೇಗೂ ಖಾಲಿ ಬಿದ್ದಿದೆ, ಅದರಲ್ಲೇ ಇರಿ" ಎಂದು ಚಹಾ ಮುಗಿಸಿದ.

ಹೊರಡುವ ಮೊದಲು ಅವನು ಅಡುಗೆಮನೆಯ ಶೆಲ್ಫಿಗೆ ಮೊಳೆ ಹೊಡೆಯಲು ಹೋದ. "ಬೇಡ, ಬಡಗಿಗೆ ಹೇಳಿದ್ದೀನಿ, ಎಲ್ಲಾ ಒಟ್ಟಿಗೆ ಮಾಡ್ತಾನೆ" ಎಂದಳು ಹೆಂಡತಿ. ಅವನು ಸುತ್ತಿಗೆಯನ್ನು ಕೆಳಗಿಟ್ಟ. ಮಗಳು ಫೋನಿನಲ್ಲಿ, "ಅಪ್ಪ ನಿಜವಾಗ್ಲೂ ಹೊರಟ್ರಾ?" ಎಂದು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ, "ಬಿಸಿನೀರಿಗೆ ವ್ಯವಸ್ಥೆ ಇದೆಯಾ ಅಲ್ಲಿ?" ಎಂದು ಕೇಳಿದಳು.

ಜಲಾಶಯದ ಊರಿನಲ್ಲಿ ಮರಗಳಿರಲಿಲ್ಲ. ನೀರು ಕಣ್ಣು ಹರಿಯುವಷ್ಟು ದೂರ, ಅದರ ಮೇಲೆ ದಿನವಿಡೀ ಗಾಳಿ. ಕೆಲಸದವರು ಅವನನ್ನು ಇನ್‌ಚಾರ್ಜ್ ಎಂದು ಕರೆದರು. ಇವನ ಮಾವ ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಮೊದಲು ಅವನಿಗೆ ಇದು ಬಹಳ ಹಿತವಾಗಿತ್ತು. ಹೊಸ ದೋಣಿಗಳು ಒಂದೊಂದಾಗಿ ನೀರಿಗಿಳಿದವು. ಆದರೆ ಸಂಜೆ ಕೆಲಸ ಮುಗಿಸಿ ಕ್ವಾರ್ಟರ್ಸಿಗೆ ಬಂದರೆ ಅವನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸುಮ್ಮನೆ ಓಡಾಡುತ್ತಿದ್ದ. ಹಾಸಿಗೆ, ಒಂದು ಸ್ಟೌ, ಎರಡು ಪಾತ್ರೆ. ಹಳೆಯ ಮನೆಯಲ್ಲಿ ಕಾಲು ಆಡುವಾಗ ಅದಕ್ಕೊಂದು ಕಾರಣವಿತ್ತು, ಹೋಗಬೇಕು ಎಂಬುದು. ಇಲ್ಲಿ ಹೋಗುವುದು ಎಲ್ಲಿಗೆ? ಆದರೂ ಕಾಲು ಆಡುತ್ತಿತ್ತು. ಅದಕ್ಕೆ ತನ್ನನ್ನು ಬಿಟ್ಟು ಬೇರೆ ಯಾರನ್ನೂ ದೂರುವಂತಿರಲಿಲ್ಲ. ಇದು ಅವನಿಗೆ ಹೊಸ ಅನುಭವ.

ರಜೆ ಸಿಕ್ಕಿದಾಗ ಮನೆಗೆ ಬರುತ್ತಿದ್ದ. ಬಸ್ಸು ತುಂಬ ಪಿಕ್ನಿಕ್ಕಿನವರು, ಚಾಪೆ, ಚೆಂಡು, ಬುತ್ತಿ. ಅವರ ಮಧ್ಯೆ ಸಿಕ್ಕಿಕೊಂಡು ಇಳಿದವನನ್ನು ನೋಡಿ ಅಂಗಡಿಯಕ್ಕ, "ಏನು ಇನ್‌ಚಾರ್ಜ್ ಸಾಹೇಬ್ರೇ, ಕೆರೆ ನೋಡೋಕೆ ಬಂದ್ರಾ?" ಎಂದು ಚುಡಾಯಿಸುವಳು. ಮನೆಯ ಮುಂದೆ ಹೊಸ ಬೋರ್ಡು. ಮುಂದಿನ ಕೋಣೆಯ ಬೆಂಚುಗಳಲ್ಲಿ ಹೆಣ್ಣುಮಕ್ಕಳು ತಲೆ ತಗ್ಗಿಸಿ ಗುಂಡಿಯ ಕಾಜಾ ಹೊಲಿಯುತ್ತಿರುತ್ತಿದ್ದರು. ಗೋಡೆಗೆ ತಿಳಿಹಳದಿ ಬಣ್ಣ. ಬಣ್ಣ ಯಾವುದೆಂದು ಅವನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಬಿಳಿ ಎನ್ನುತ್ತಿದ್ದನೇನೋ. ಹಳದಿಯೇ ಚೆನ್ನಾಗಿತ್ತು.

ಅಂಥದ್ದೊಂದು ದಿನ, ಕ್ಲಾಸು ಮುಗಿದ ಮೇಲೆ, ಅವಳು ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು. ಅವನು ಬಸ್ಸಿಗೆ ಹೊರಡುವ ಹೊತ್ತಾಗಿತ್ತು. ಚೀಲ ಎತ್ತಿಕೊಂಡಿದ್ದ.

"ಅಲ್ಲಿ ಮನೆ ಹೇಗಿದೆ?" ಎಂದಳು.

ಇಷ್ಟು ತಿಂಗಳಲ್ಲಿ ಅವಳು ಅದನ್ನು ಕೇಳಿದ್ದು ಅದೇ ಮೊದಲು. ಅವನಿಗೆ ಒಮ್ಮೆಲೇ ಏನೇನೋ ಅನಿಸಿತು. ಚೀಲವನ್ನು ಕೆಳಗಿಟ್ಟ.

"ಸುಮ್ಮನೆ ಕೇಳ್ತಿದ್ದೀಯಾ, ಇಲ್ಲಾ ಬರೋಕೆ ಕೇಳ್ತಿದ್ದೀಯಾ? ಬಿಡಿಸಿ ಹೇಳು. ನನಗೆ ಅರ್ಥ ಮಾಡ್ಕೊಳ್ಳೋಕೆ ಬರಲ್ಲ."

"ನೋಡೋಕೆ ಬರೋಣ ಅಂತ. ಇರೋಕಲ್ಲ."

"ಎಷ್ಟು ದಿನ?"

"ನೋಡೋಕೆ ಎಷ್ಟು ದಿನ ಬೇಕೋ ಅಷ್ಟು. ಪರೀಕ್ಷೆ ಸಮಯದಲ್ಲಿ ಹುಡುಗೀರು ಕ್ಲಾಸಿಗೆ ಬರಲ್ಲ, ಆಗ." ಅವಳು ಚಕ್ರ ತಿರುಗಿಸಿ ಸೂಜಿ ಸಲೀಸಾಗಿ ಏರಿಳಿಯುವುದನ್ನು ನೋಡಿದಳು. "ಗಾಳಿ ಜಾಸ್ತಿ ಅಂತೀರಲ್ಲ. ಕಿಟಕಿಗೆ ಪರದೆ ಇದೆಯಾ?"

"ಇಲ್ಲ."

"ಮತ್ತೆ ಬಿಸಿಲಿಗೆ ಏನು ಮಾಡ್ತೀರಿ?"

"ಹಾಸಿಗೆ ಹತ್ರದ್ದಕ್ಕೆ ಪೇಪರ್ ಅಂಟಿಸಿದ್ದೀನಿ."

"ಕರ್ಮ. ಅಳತೆ ತಗೊಂಡು ಬನ್ನಿ, ಹೊಲಿದು ಇಡ್ತೀನಿ. ಎಷ್ಟು ಕಿಟಕಿ?"

ಅವನು ಬೆರಳು ಮಡಚಿದ. "ಎರಡು," ಎಂದ. ಆಮೇಲೆ, "ಇಲ್ಲ, ಮೂರು ಇರ್ಬೇಕು."

"ಇರ್ಬೇಕು ಅಂದ್ರೆ? ಅಲ್ಲೇ ತಾನೇ ನೀವು ವಾಸ ಮಾಡೋದು?"

ಅವಳು ಡ್ರಾಯರಿನಿಂದ ಒಂದು ಅಳತೆ ಟೇಪು ತೆಗೆದು ಅವನ ಜೇಬಿಗೆ ತುರುಕಿದಳು. "ಅಗಲಾನೂ ನೋಡಿ, ಎತ್ತರಾನೂ ನೋಡಿ. ಹೋಗಿದ್ದೇ ಮೊದಲು ಅದನ್ನ ಮಾಡಿ. ಬಸ್ಸಿಗೆ ಹೊತ್ತಾಯ್ತು."

ಬಸ್ಸಿನಲ್ಲಿ ಆಟವಾಡಿ ದಣಿದ ಮಕ್ಕಳು ದೊಡ್ಡವರ ಮೇಲೆ ಒರಗಿ ನಿದ್ದೆ ಹೋಗಿದ್ದವು. ಪೆಡಲಣ್ಣ ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿಕೊಂಡು ಆ ಕ್ವಾರ್ಟರ್ಸಿನ ಬಾಗಿಲು ತೆರೆದ. ಒಳಗೆ ನಡೆದ. ಹಾಸಿಗೆಯ ಪಕ್ಕದ ಕಿಟಕಿ ಸಿಕ್ಕಿತು. ಸ್ಟೌವಿನ ಮೇಲಿನ ಕಿಟಕಿ ಸಿಕ್ಕಿತು. ಹಿಂದಿನ ಕೋಣೆಯಲ್ಲಿ ಬೆಳಿಗ್ಗೆ ಬೆಳಕು ಬೀಳುವುದಂತೂ ನಿಜ, ನೆಲದ ಮೇಲೆ ಅದು ಬೀಳುವ ಜಾಗವೂ ನೆನಪಿದೆ. ಆದರೆ ಎಲ್ಲಿಂದ? ಗೋಡೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಹೋದ. ಬಸ್ಸು ಎರಡು ಊರು ದಾಟಿದರೂ ಮೂರನೆಯ ಕಿಟಕಿ ಅವನಿಗೆ ಸಿಗಲಿಲ್ಲ.